ಕಾಲುವೆ ಹಿಡಿದು ಹೊರಟವಳು

"ಬಾ, ಬಾ, ಇನ್ನೂ ಹಿಂದಕ್ಕೆ ಬಾ," ಎಂದು ವೆಂಕಟೇಶಪ್ಪ ಕೈಬೀಸುತ್ತಿದ್ದ. ಹೆಣ ಸಾಗಿಸುವ ಗಾಡಿ ಕೀಂಯ್ ಕೀಂಯ್ ಎನ್ನುತ್ತ ಹಿಮ್ಮುಖವಾಗಿ ಗಲ್ಲಿಯೊಳಗೆ ಬರುತ್ತಿತ್ತು. ಹಿಂದಿನ ಗಾಲಿಗೂ ಮನೆಯ ಮೆಟ್ಟಿಲಿಗೂ ಇನ್ನೂ ಆರಡಿ ಇದೆ ಅನ್ನುವಾಗ ಮನ್ಸೂರ್ ಬಂದು ನಡುವೆ ನಿಂತುಬಿಟ್ಟ. ಡ್ರೈವರು ಗಕ್ಕನೆ ಬ್ರೇಕು ಹಾಕಿದ.

"ಲೇ ಮನ್ಸೂರ್, ಪಕ್ಕಕ್ಕೆ ಬಾರೋ. ಕಾಲಿನ ಮೇಲೆ ಹತ್ತುತ್ತೆ."

"ಹತ್ತಲಿ. ಇಬ್ಬರನ್ನೂ ಒಂದೇ ಗಾಡೀಲಿ ಹಾಕ್ಕೊಂಡು ಹೋಗು. ನಾನಂತೂ ಇಲ್ಲಿಂದ ಸರಿಯಲ್ಲ."

ಮನ್ಸೂರನಿಗೆ ಅರವತ್ತೆರಡು ವರ್ಷ, ಎರಡೂ ಮಂಡಿ ನೋವು. ಯಲಹಂಕದ ಹಳೇ ಪೇಟೆಯಲ್ಲಿ ಮೋಟರ್ ಪಂಪು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದ. ಆವತ್ತು ಅಂಗಡಿಯ ಬೀಗ ತೆಗೆಯದೆ, ಟೀ ಕೂಡ ಕುಡಿಯದೆ ಬಂದಿದ್ದ. ಅವನೂ ವೆಂಕಟೇಶಪ್ಪನೂ ಕೋಡಿಪಾಳ್ಯದ ಕೆರೆಯಲ್ಲಿ ಒಟ್ಟಿಗೆ ಈಜು ಕಲಿತವರು. ಆದ್ದರಿಂದ ಅವರ ಮಾತಿನಲ್ಲಿ ಮರ್ಯಾದೆ ಅನ್ನುವುದು ಎಂದೂ ಇರಲಿಲ್ಲ.

ಒಳಗೆ ಚಾಪೆಯ ಮೇಲೆ ವೆಂಕಟೇಶಪ್ಪನ ತಾಯಿ ದೊಡ್ಡಮುನಿಯಮ್ಮ ಮಲಗಿದ್ದಳು. ಎಂಬತ್ತನಾಲ್ಕೋ ಎಂಬತ್ತೈದೋ, ಅವಳಿಗೇ ಗೊತ್ತಿರಲಿಲ್ಲ. ಹಿಂದಿನ ದಿನ ಸಂಜೆ ಮುದ್ದೆ ಉಂಡು, ಕೈ ತೊಳೆದು, "ಮೋಡ ಕಟ್ತಾ ಐತೆ" ಅಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಪುಣ್ಯಾತ್ಗಿತ್ತಿ, ಯಾರಿಗೂ ಒಂದು ಲೋಟ ನೀರು ಹಿಡಿಯುವ ಕೆಲಸ ಕೊಡದೆ ಹೋದಳು ಎಂದು ಗಲ್ಲಿಯ ಹೆಂಗಸರು ಹೊಗಳಿಕೊಂಡು ಅಳುತ್ತಿದ್ದರು.

"ಮನ್ಸೂರ ಅನ್ನದ್ರಲ್ಲಿ ತಪ್ಪೇನೈತಪ್ಪ?" ಎಂದು ತಮಟೆ ಕಾಯಿಸುತ್ತ ಕೂತಿದ್ದ ಆವಲಪ್ಪ ಬಾಯಿ ಹಾಕಿದ. ಊರಿನ ಎಲ್ಲ ಸಾವಿಗೂ ಮುಂದೆ ನಡೆಯುವ ಮುದುಕ ಅವನು. "ಗಾಡೀಲಿ ಓಗಕ್ಕೆ ಅವಳೇನು ಎಲ್ಲಾರಂಗಾ? ನೀರುಗಂಟಿ ಕಣಪ್ಪ, ಊರ ಗದ್ದೆಗೆಲ್ಲ ನೀರು ಅಂಚ್ದೋಳು. ನೀರುಗಂಟಿ ಸತ್ರೆ ತೂಬಿನ ತಾವ ಇಳಿಸ್ಬೇಕು, ಅಲ್ಲಿಂದ ಕಾಲ್ವೆ ಇಡ್ಕೊಂಡು ಓಗಿ ಕೊನೇ ಗದ್ದೆ ಮಡಿ ತಾವ ಮಣ್ಣು ಮಾಡ್ಬೇಕು. ನೀರು ಓದ ದಾರೀಲೇ ಓಗ್ಬೇಕು. ನಿಮ್ಮಪ್ಪನ್ನ ನಾನೇ ಅಂಗೆ ಕಳಿಸಿವ್ನಿ, ನಿಮ್ಮ ತಾತನ್ನ ನಮ್ಮಪ್ಪ ಕಳಿಸಿದ್ದ."

"ಆವಾಗ ಕಾಲುವೆ ಇತ್ತು. ಈಗ ಎಲ್ಲಿದೆ? ತೋರ್ಸು ನೋಡೋಣ."

"ನಾನು ತೋರಿಸ್ತೀನಿ ಅಪ್ಪ," ಎಂದಳು ವನಿತಾ. ವೆಂಕಟೇಶಪ್ಪನ ಒಬ್ಬಳೇ ಮಗಳು, ಬಿ.ಎಂ.ಟಿ.ಸಿ.ಯಲ್ಲಿ ಕಂಡಕ್ಟರು. "ಅಜ್ಜಿ ನನ್ನ ಕೈ ಹಿಡ್ಕೊಂಡು ನಡೆಸಿದ್ದಾಳೆ. ಯಾವ ರೋಡಿನ ಕೆಳಗೆ ಎಲ್ಲಿ ಹೋಗುತ್ತೆ ಅಂತ ಒಂದೊಂದು ಹೆಜ್ಜೇನೂ ಗೊತ್ತು ನಂಗೆ."

ವೆಂಕಟೇಶಪ್ಪ ಮಗಳ ಮುಖ ನೋಡಲಿಲ್ಲ. ಅವನಿಗೆ ಯಾಕೆ ಗಾಡಿಯೇ ಬೇಕಿತ್ತು ಅನ್ನುವುದು ಅಲ್ಲಿ ನಿಂತಿದ್ದ ಎಲ್ಲರಿಗೂ ಗೊತ್ತಿತ್ತು, ಹೇಳುವವರು ಮಾತ್ರ ಇರಲಿಲ್ಲ. ಸಾವಿನ ಮನೆಯಲ್ಲಿ ಬಾಯಿಗೆ ಸ್ವಲ್ಪ ನಾಚಿಕೆ ಇರುತ್ತದೆ. ನಾವೇ ಹೇಳಿಬಿಡೋಣ. ಆ ಕಾಲುವೆಯ ಮೇಲೆ ಮೊಟ್ಟಮೊದಲು ಗೋಡೆ ಎಬ್ಬಿಸಿದವನು ವೆಂಕಟೇಶಪ್ಪನೇ. ನೀರುಗಂಟಿ ಕೆಲಸಕ್ಕೆಂದು ಅವರ ಮನೆತನಕ್ಕೆ ಬಿಟ್ಟಿದ್ದ ಮಾನ್ಯದ ಜಮೀನಿನಲ್ಲಿ, ಕಾಲುವೆಗೆ ಅಡ್ಡಲಾಗಿ, ಒಂಬತ್ತು ವರ್ಷದ ಹಿಂದೆ ಸಾಲಾಗಿ ನಾಲ್ಕು ಬಾಡಿಗೆ ರೂಮು ಕಟ್ಟಿದ್ದ. ಇವತ್ತು ತಾಯಿಯ ಚಟ್ಟ ಕಾಲುವೆ ಹಿಡಿದು ಹೊರಟರೆ, ನೆಂಟರಿಷ್ಟರು, ಊರವರು, ತಮಟೆಯವರು ಎಲ್ಲರ ಎದುರಿಗೆ ಅದು ಬಂದು ನಿಲ್ಲುವುದು ಅವನದೇ ಗೋಡೆಯ ಮುಂದೆ.

ಬಾಗಲಗುಂಟೆಗೆ ಕೊಟ್ಟಿದ್ದ ತಂಗಿ ಮುನಿನಾರಾಯಣಮ್ಮ ಒಳಗಿಂದ ಮೂಗೊರೆಸಿಕೊಂಡು ಬಂದಳು. "ಅಣ್ಣ, ಜಗಳ ಬೇಡ. ಹೋಗೋಷ್ಟು ದೂರ ಕಾಲುವೆ ದಾರೀಲೇ ಹೋಗೋಣ. ಎಲ್ಲಿ ದಾರಿ ಮುಚ್ಚೈತೋ ಅಲ್ಲಿ ಗಾಡಿಗೆ ಹಾಕೋಣ. ಗಾಡಿ ರೋಡಲ್ಲಿ ಬರ್ತಾ ಇರ್ಲಿ."

ವೆಂಕಟೇಶಪ್ಪ ಒಪ್ಪಿದ. ಒಪ್ಪಿದ್ದಕ್ಕೆ ಕಾರಣವಿತ್ತು. ಅವನ ರೂಮುಗಳಿಗಿಂತ ಮೊದಲು ದಾರಿಗೆ ದೊಡ್ಡ ಅಪಾರ್ಟ್‌ಮೆಂಟ್ ಅಡ್ಡ ಸಿಗುತ್ತದೆ. ಪೇಪರ್ ಹಾಕುವವನನ್ನೇ ಹತ್ತು ಪ್ರಶ್ನೆ ಕೇಳುವ ಗೇಟು ಅದು, ಹೆಣ ಬಿಟ್ಟಾರೆಯೇ? ಅಲ್ಲೇ ಗಾಡಿಗೆ ಹತ್ತಿಸಿಬಿಟ್ಟರೆ ತನ್ನ ಗೋಡೆಯ ಮಾತೇ ಏಳುವುದಿಲ್ಲ. ತಾಯಿ ಸತ್ತ ದಿನ ಮಗನಾದವನು ಹೀಗೆಲ್ಲ ಯೋಚಿಸುತ್ತಾನೆಯೇ ಎಂದು ಕೇಳಬೇಡಿ. ಅತ್ತು ಅತ್ತು ಕಣ್ಣು ಊದಿಸಿಕೊಂಡವನೂ ಯೋಚಿಸುತ್ತಾನೆ.

*

ದೊಡ್ಡಮುನಿಯಮ್ಮನ ಗಂಡ ತೀರಿಕೊಂಡದ್ದು ಎಪ್ಪತ್ತೊಂದರಲ್ಲಿ. ಕೆರೆಯ ತೂಬು ಎತ್ತಿ, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ಹಂಚುವವನೇ ನೀರುಗಂಟಿ. ಆ ಕೆಲಸ ಇನ್ನು ಯಾರಿಗೆ ಎಂದು ಊರು ಯೋಚಿಸುವಷ್ಟರಲ್ಲಿ ಅವಳು ಹನ್ನೊಂದರ ಕಾರ್ಯ ಮುಗಿಸಿ, ಗಂಡನ ಕೋಲು ಹಿಡಿದು, ಸೀರೆಯನ್ನು ಕಚ್ಚೆ ಹಾಕಿಕೊಂಡು, ತೂಬಿನ ಕಲ್ಲಿನ ಮೇಲೆ ಹೋಗಿ ಕೂತಾಗಿತ್ತು. ಹೆಂಗಸಿನ ಕೈಗೆ ಕೆರೆ ಕೊಡುವುದೇ ಎಂದು ನಾಲ್ಕು ಜನ ಗೊಣಗಿದರು. ಗೊಣಗಿದವರ ಗದ್ದೆಗೂ ಅವಳು ಸರಿಯಾದ ಹೊತ್ತಿಗೆ ನೀರು ಬಿಟ್ಟಳು.

ಮರುವರ್ಷ ಮಳೆ ಕೈಕೊಟ್ಟಿತು. ಕೆರೆಯಲ್ಲಿ ಉಳಿದದ್ದು ಮೊಣಕಾಲುದ್ದ ನೀರು. ಪಟೇಲರು ಏರಿಯ ಮೇಲೆ ಬಂದು ಮೊದಲು ತಮ್ಮ ಗದ್ದೆಗೆ ಬಿಡು ಅಂದರು. ತೂಬಿನ ಪಕ್ಕದ ಗದ್ದೆ ಅವರದು.

"ಪಕ್ಕದಾಗೈತೆ ಅಂತಲೇ ಬಿಡಲ್ಲ ಬುದ್ಧಿ," ಎಂದಳು ಅವಳು. "ನಿಮ್ಗೆ ಯಾವಾಗ ಬಿಟ್ರೂ ಸಿಗ್ತದೆ. ಮಜೀದ್ ಸಾಬ್ರ ತೋಟ ಕಾಲ್ವೆ ಕೊನೇಲೈತೆ. ನೀವೆಲ್ಲ ಕುಡಿದ ಮೇಲೆ ಅವ್ರಿಗೆ ಅಂದ್ರೆ ಬರೀ ಕೆಸರು ಓಯ್ತದೆ. ಮುಂದಿನ ಮಡಿಯವ್ನು ಬೇಕಾದ್ರೆ ನೀರು ಕದೀತಾನೆ, ಕೊನೇ ಮಡಿಯವ್ನು ಕದಿಯಕ್ಕಾಯ್ತದಾ? ಅದ್ಕೇ ಕೊನೇ ಮಡಿಗೆ ಮೊದಲ ನೀರು. ಇದು ನಮ್ಮತ್ತೆ ಮನೆ ಕಟ್ಟಳೆ."

ಪಟೇಲರು ಏರಿ ಇಳಿದು ಹೋದರು. ಆದರೆ ಮಧ್ಯಾಹ್ನ ಅವರ ಆಳು ಬಂದು ಕಾಲುವೆಯ ಬದುವನ್ನು ಗುದ್ದಲಿಯಲ್ಲಿ ಒಡೆದ. ನೀರು ಪಟೇಲರ ಗದ್ದೆಗೆ ತಿರುಗಿತು. ದೊಡ್ಡಮುನಿಯಮ್ಮ ಕೂಗಾಡಲಿಲ್ಲ. ಒಡೆದ ಜಾಗದಲ್ಲಿ ಬೆನ್ನು ಕೊಟ್ಟು, ಕಾಲು ಚಾಚಿ, ತಾನೇ ಕೂತುಬಿಟ್ಟಳು. ಸೊಂಟದವರೆಗೆ ಕೆಸರು. ಮಜೀದನ ಕೊತ್ತಂಬರಿ, ಮೂಲಂಗಿ ಎಲ್ಲ ನೆನೆದು ಮುಗಿಯುವ ತನಕ ಕೂತಿದ್ದಳು. ಹೆಂಗಸನ್ನು ಮುಟ್ಟಿ ಎಬ್ಬಿಸುವ ಧೈರ್ಯ ಆಳಿಗೂ ಇರಲಿಲ್ಲ, ಪಟೇಲರಿಗೂ ಇರಲಿಲ್ಲ. ಮಜೀದನ ಮಗ ಮನ್ಸೂರನಿಗೆ ಆಗ ಹದಿನೇಳು. ತೋಟದಿಂದ ಓಡಿಬಂದು ಅವಳಿಗೆ ಕುಡಿಯಲು ನೀರು ಕೊಟ್ಟವನು ಅವನು.

"ಸುತ್ತ ನೀರಿಟ್ಕೊಂಡು ಬಾಯಾರಿ ಸಾಯ್ತಿದೀನಿ ನೋಡೋ," ಎಂದು ಅವಳು ನಕ್ಕಿದ್ದಳಂತೆ.

*

ಹನ್ನೊಂದು ಗಂಟೆಗೆ ಚಟ್ಟ ಎತ್ತಿದರು. ಚೆಂಡುಹೂವಿನ ಹಾರದಲ್ಲಿ ಮುಖವಷ್ಟೇ ಕಾಣುತ್ತಿತ್ತು. ಆವಲಪ್ಪನ ತಮಟೆ ಮುಂದೆ, ಅವನ ಹಿಂದೆ ಧೂಪದ ಮಡಕೆ ಹಿಡಿದ ವೆಂಕಟೇಶಪ್ಪ, ಅವನ ಹಿಂದೆ ಚಟ್ಟ. ಮನ್ಸೂರ್ ಎಡಗಡೆ ಹೆಗಲು ಕೊಟ್ಟಿದ್ದ. ನಿನ್ನ ಮಂಡಿ ಅಂತ ಯಾರೋ ಅಂದದ್ದಕ್ಕೆ, "ಹೆಗಲು ಚೆನ್ನಾಗೈತಲ್ಲ," ಎಂದ.

ಏರಿ ಹತ್ತಿ ತೂಬಿನ ಬಳಿ ಇಳಿಸಿದರು. ಹಿಂದಿನ ತಿಂಗಳು ಸುರಿದ ಮಳೆಗೆ ಕೆರೆ ಕಲ್ಲಿನ ಗುರುತಿನ ತನಕ ತುಂಬಿ ನಿಂತಿತ್ತು. ಮುನಿನಾರಾಯಣಮ್ಮ ತಾಯಿಯ ಕಾಲ ಬಳಿ ಕೂತು, ಹಾಡಿ ಅಳತೊಡಗಿದಳು.

"ನನ್ನ ಮದುವೆ ದಿನ ಏನಂದೆ ಅವ್ವ, ನೆಪ್ಪೈತಾ? ಜಾಲಹಳ್ಳಿ ದಿಣ್ಣೆ ದಾಟ್ತಾ ಇದೀಯ ಕಣೆ, ಆ ಕಡೆ ಬಿದ್ದ ಮಳೆ ಅರ್ಕಾವತಿಗೆ ಓಯ್ತದೆ, ಕಾವೇರಿ ಪಾಲು. ಈ ಕಡೆ ಬಿದ್ದದ್ದು ಪಿನಾಕಿನಿಗೆ ಓಯ್ತದೆ. ನಿನ್ನ ನೀರೇ ಬೇರೆ ಆಯ್ತು, ನನ್ನ ನೀರೇ ಬೇರೆ ಆಯ್ತು, ಇನ್ನು ನಾವಿಬ್ರೂ ಸೇರದು ಸಮುದ್ರದಾಗೇ ಅಂದ್ಯಲ್ಲವ್ವ. ಎಲ್ಲಾರೂ ಮಗಳಿಗೆ ಬುದ್ಧಿ ಏಳಿ ಕಳಿಸ್ತಾರೆ, ನೀನು ಮಳೆ ಲೆಕ್ಕ ಏಳಿ ಕಳಿಸ್ದೆ!"

ಅಳುತ್ತಿದ್ದವರಲ್ಲಿ ಇಬ್ಬರು ಮೂವರಿಗೆ ನಗು ಬಂತು. ಅವಳಿಗೂ ಬಂತು. ಸೆರಗು ಬಾಯಿಗಿಟ್ಟುಕೊಂಡು ನಗುತ್ತಲೇ ಅತ್ತಳು.

ದೊಡ್ಡಮುನಿಯಮ್ಮ ಜೀವಮಾನದಲ್ಲಿ ಹೊಸಕೋಟೆ ದಾಟಿದವಳಲ್ಲ. ಆದರೆ ಇಲ್ಲಿ ಬಿದ್ದ ಹನಿ ಎಲ್ಲೆಲ್ಲಿ ಹೋಗಿ ಏನೇನಾಗುತ್ತದೆ ಎಂದು ಅವಳಿಗೆ ಬಾಯಿಪಾಠವಿತ್ತು. ನಮ್ಮ ಕೆರೆ ತುಂಬಿ ಕೋಡಿ ಬಿದ್ದರೆ ಅಲ್ಲಾಳಸಂದ್ರಕ್ಕೆ, ಅದು ತುಂಬಿದರೆ ಜಕ್ಕೂರಿಗೆ, ಅಲ್ಲಿಂದ ರಾಚೇನಹಳ್ಳಿ, ಕಲ್ಕೆರೆ, ಹೀಗೇ ಇಳಿದಿಳಿದು ಪಿನಾಕಿನಿ. ಪಿನಾಕಿನಿ ತಮಿಳರ ಸೀಮೆಯಲ್ಲಿ ಹೆಸರು ಬದಲಿಸಿಕೊಂಡು ಕಡಲೂರಿನ ಹತ್ತಿರ ಸಮುದ್ರ. ಒಂದು ಕೆರೆಯ ನೀರುಗಂಟಿ ಇನ್ನೊಂದು ಕೆರೆಯ ನೀರುಗಂಟಿಗೆ ಹೇಳಿ, ಅವನು ಕೆಳಗಿನವನಿಗೆ ಹೇಳಿ, ತಲೆಮಾರಿನಿಂದ ಬಂದ ಪಾಠ ಅದು. ಇವಳನ್ನು ಬರೀ ಹಳ್ಳಿ ಮುದುಕಿ ಅಂದುಕೊಂಡು ಮಾತಿಗೆ ಕೂತ ಎಷ್ಟೋ ಓದಿದವರು ನಕ್ಷೆ ಮಡಚಿಕೊಂಡು ಎದ್ದುಹೋದದ್ದುಂಟು.

ತೂಬಿಗೆ ಕಾಯಿ ಒಡೆದು ಮತ್ತೆ ಹೊರಟರು. ಈಗ ವನಿತಾ ಮುಂದೆ ಬಂದಳು. ಕಾಲುವೆ ಇದ್ದ ಜಾಗದಲ್ಲಿ ಮೊದಲು ಸಿಕ್ಕಿದ್ದು ಕಾಂಕ್ರೀಟು ರಸ್ತೆ, ಆಮೇಲೆ ತರಕಾರಿ ಗಾಡಿಗಳ ಸಾಲು, ಆಮೇಲೆ ಒಂದು ಜಿಮ್ಮಿನ ಪಾರ್ಕಿಂಗು. "ಸ್ವಲ್ಪ ಎಡಕ್ಕೆ, ಎಡಕ್ಕೆ ಬನ್ನಿ. ಗಾಡಿ ತೆಗೀರಿ ಸಾರ್, ಇದು ಕಾಲುವೆ," ಎಂದು ಅವಳು ಬಸ್ಸಿನಲ್ಲಿ ಕೂಗುವ ಗಂಟಲಿನಲ್ಲೇ ಕೂಗಿದಳು. ಹೆಣದ ಮುಂದೆ ವಾದ ಮಾಡುವವರು ಯಾರಿದ್ದಾರೆ? ಬೈಕುಗಳು ಸರಿದವು, ಟೊಮೇಟೊ ಗಾಡಿ ಸರಿಯಿತು. ಬದುಕಿದ್ದಾಗ ಎಷ್ಟು ಬಾಯಿ ನೋಯಿಸಿಕೊಂಡರೂ ದೊಡ್ಡಮುನಿಯಮ್ಮನಿಗೆ ಬಿಡಿಸಲಾಗದ ಜಾಗ ಆವತ್ತು ಅರ್ಧ ಗಂಟೆಯಲ್ಲಿ ತೆರವಾಯಿತು. ವನಿತಾಳ ಮುಖದಲ್ಲಿ ಕಣ್ಣೀರು ಇಳಿಯುತ್ತಿತ್ತು, ಆದರೆ ತಲೆ ಮಾತ್ರ ಬಾಗಿರಲಿಲ್ಲ.

ಅಪಾರ್ಟ್‌ಮೆಂಟಿನ ಗೇಟು ಬಂತು. ಹೆಸರಿನಲ್ಲಿ ಕೆರೆ ಇತ್ತು, ಕೆರೆಯ ಕಾಲುವೆಯ ಮೇಲೇ ಕಟ್ಟಿದ್ದರು. ಸೆಕ್ಯೂರಿಟಿಯವನು ಓಡಿಬಂದು ಎರಡೂ ಕೈ ಚಾಚಿ ನಿಂತ. ತಮಟೆ ನಿಂತಿತು. ವೆಂಕಟೇಶಪ್ಪ ಕತ್ತು ತಿರುಗಿಸಿ ರಸ್ತೆಯಲ್ಲಿ ನಿಂತಿದ್ದ ಗಾಡಿಯ ಕಡೆ ನೋಡಿದ.

"ಆಯ್ತಲ್ಲ. ಇನ್ನೇನು, ಗಾಡಿಗೆ..." ಅನ್ನುವಷ್ಟರಲ್ಲಿ ಒಳಗಿಂದ ಒಬ್ಬ ಹೆಂಗಸು ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಡಿಬಂದಳು. ಅಲ್ಲಿನ ಸಂಘದ ಕಾರ್ಯದರ್ಶಿ ಶಿಲ್ಪ.

"ಯಾರು... ಅಜ್ಜೀನಾ?" ಎಂದಳು. ಹೂವಿನ ನಡುವಿನ ಮುಖ ನೋಡಿ ಅಲ್ಲೇ ಕೈಮುಗಿದಳು.

ಹಿಂದಿನ ತಿಂಗಳ ಮಳೆಯಲ್ಲಿ ಆ ಕಟ್ಟಡದ ಬೇಸ್‌ಮೆಂಟಿಗೆ ಎದೆಮಟ್ಟ ನೀರು ನುಗ್ಗಿ ಐವತ್ತು ಕಾರು ಮುಳುಗಿದ್ದವು. ಎಲ್ಲರೂ ತಲೆಮೇಲೆ ಕೈ ಹೊತ್ತು ನಿಂತಿದ್ದಾಗ ಕೋಲೂರಿಕೊಂಡು ಬಂದ ಮುದುಕಿಯೊಬ್ಬಳು ಶಿಲ್ಪಳಿಗೆ, "ನಿಂದೇನೂ ತಪ್ಪಿಲ್ಲ ಕಣವ್ವ. ನೀರಿಗೆ ಓದಕ್ಕೆ ಬರಲ್ಲ. ನಿಮ್ಮ ಬೋರ್ಡು ನೋಡ್ಕಂಡು ವಾಪಸ್ ಓಗ್ತದಾ?" ಎಂದು ಹೇಳಿ, ಹಿಂದಿನ ಗೋಡೆಯಲ್ಲಿ ಎಲ್ಲಿ ಕಂಡಿ ಬಿಟ್ಟರೆ ನೀರು ಇಳಿಯುತ್ತದೆ ಎಂದು ಕೋಲಿನಿಂದ ಗೀರಿ ತೋರಿಸಿದ್ದಳು. ಒಂದೂವರೆ ಗಂಟೆಯಲ್ಲಿ ಬೇಸ್‌ಮೆಂಟು ಖಾಲಿಯಾಗಿತ್ತು. ಶಿಲ್ಪ ಕೊಟ್ಟ ಕಾಫಿಗೆ ಸಕ್ಕರೆ ಸಾಲದು ಎಂದೂ ಮುದುಕಿ ಅಂದಿದ್ದಳು.

"ಕಾಲುವೆ ನಮ್ಮ ಬೇಸ್‌ಮೆಂಟಲ್ಲೇ ಅಲ್ವಾ ಹೋಗೋದು? ಅಜ್ಜಿ ಹೇಳಿದ್ರು," ಎಂದಳು ಶಿಲ್ಪ ವನಿತಾಳಿಗೆ. ಆಮೇಲೆ ಸೆಕ್ಯೂರಿಟಿಯವನ ಕಡೆ ತಿರುಗಿ, "ಗೇಟು ಪೂರ್ತಿ ತೆಗೀಪ್ಪ. ಹಿಂದಿನ ಗೇಟೂ ತೆಗಿ."

"ಮೇಡಂ, ಬೇರೆಯವರು ಕಂಪ್ಲೇಂಟ್ ಮಾಡ್ತಾರೆ."

"ಮಾಡ್ಲಿ. ಅವರ ಕಾರೂ ಅಜ್ಜಿ ಹೇಳಿದ ಮೇಲೇನೇ ಮೇಲಕ್ಕೆ ಬಂದಿದ್ದು."

ಹೀಗೆ ಕೋಡಿಪಾಳ್ಯದ ನೀರುಗಂಟಿ ದೊಡ್ಡಮುನಿಯಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಇಳಿದಳು. ಎರಡು ಸಾಲು ಕಾರುಗಳ ನಡುವೆ ಚಟ್ಟ ಸಾಗಿತು. ತಗ್ಗು ಛಾವಣಿಯ ಕೆಳಗೆ ಆವಲಪ್ಪನ ಒಂದು ತಮಟೆ ಹತ್ತು ತಮಟೆಯಾಗಿ ಮೊಳಗಿತು, ನಾಲ್ಕೈದು ಕಾರುಗಳು ಬೆದರಿ ತಾವೂ ಕೂಗಿಕೊಂಡವು. ಪುರಿ, ಹೂವು ಕಾರುಗಳ ಮೇಲೆಲ್ಲ ಬಿತ್ತು. ಲಿಫ್ಟಿನ ಬಾಗಿಲಲ್ಲಿ ನಿಂತ ಜನ ಮೊಬೈಲು ತೆಗೆಯಲು ಹೋಗಿ, ಯಾಕೋ ಸುಮ್ಮನಾಗಿ, ಕೈಮುಗಿದರು. ಆವಲಪ್ಪ ಎಪ್ಪತ್ತೈದನೆಯ ವಯಸ್ಸಿನಲ್ಲಿ ಹೆಜ್ಜೆ ಹಾಕಿ ಕುಣಿದ. ಎಂಥ ಸಾವಪ್ಪ ಇದು, ಯಾವ ಮಂತ್ರಿಗೆ ಸಿಕ್ಕೀತು ಎಂದು ಮುನಿನಾರಾಯಣಮ್ಮನಿಗೆ ಎದೆ ಉಬ್ಬಿತು.

ಮಡಕೆ ಹಿಡಿದ ವೆಂಕಟೇಶಪ್ಪ ಮಾತ್ರ ಹೆಜ್ಜೆ ನಿಧಾನ ಮಾಡಿದ. ಹಿಂದಿನ ಗೇಟಿನ ಆಚೆ ಏನಿದೆ ಎಂದು ಅವನಿಗೆ ಗೊತ್ತು.

*

ರೂಮುಗಳಿಗೆ ಪಾಯ ತೆಗೆದದ್ದು ಎರಡು ಸಾವಿರದ ಎಂಟರಲ್ಲಿ. ಏರ್‌ಪೋರ್ಟು ಬಂದ ವರ್ಷ. ಯಲಹಂಕದ ಸುತ್ತ ಒಂದು ಗುಬ್ಬಿಗೂಡು ಕಟ್ಟಿದರೂ ಬಾಡಿಗೆಗೆ ಜನ ಕ್ಯೂ ನಿಲ್ಲುತ್ತಿದ್ದ ಕಾಲ. ದೊಡ್ಡಮುನಿಯಮ್ಮ ಕೋಲು ಹಿಡಿದು ಬಂದು ಪಾಯದ ಅಂಚಿನಲ್ಲಿ ನಿಂತಳು.

"ಇದು ಕಾಲ್ವೆ ಕಣೋ."

"ನೀರೆಲ್ಲಿದೆ ಅಮ್ಮ? ಕೆರೆ ತುಂಬಿ ಹತ್ತು ವರ್ಷ ಆಯ್ತು. ಇನ್ನೆಲ್ಲಿ ಬರುತ್ತೆ?"

"ಮನೇಲಿ ಯಾರೂ ಇಲ್ಲ ಅಂತ ಬೇರೆಯವ್ರ ಬಾಗಿಲಿಗೆ ಗೋಡೆ ಕಟ್ತಾರೇನೋ? ನೀರು ಎಲ್ಲಿಗೋ ಓಗೈತೆ, ಬತ್ತದೆ."

"ನಮ್ಮ ಜಾಗ, ನಮ್ಮ ಮಾನ್ಯ. ವನಿತಾ ಓದಬೇಕು, ಅವಳ ಮದುವೆ ಆಗಬೇಕು. ನಾನೇನು ಕದ್ದು ಕಟ್ತಾ ಇದ್ದೀನಾ?"

ಅವಳು ಕೋಲೂರಿಕೊಂಡು ಹಿಂದಕ್ಕೆ ತಿರುಗಿದಳು. ಬೇರೆಯವರಾಗಿದ್ದರೆ ಅವಳು ಆ ಗುಂಡಿಯಲ್ಲಿ ಇಳಿದು ಕೂರುತ್ತಿದ್ದಳು. ಮಗನ ಗುಂಡಿಯಲ್ಲಿ ಕೂರಲಿಲ್ಲ. ಅವಳು ಜೀವನದಲ್ಲಿ ಮಾಡಿದ ಒಂದೇ ತಪ್ಪು ಅದು, ಅವಳಿಗೂ ಅದು ಗೊತ್ತಿತ್ತು.

ಎರಡು ವರ್ಷ ಕಳೆದು ಅಪಾರ್ಟ್‌ಮೆಂಟಿನ ಬಿಲ್ಡರು ಬಂದ. ಅವಳು ಹೋಗಿ ಅವನ ಜೆ.ಸಿ.ಬಿ. ಮುಂದೆ ನಿಂತಳು. ಅವನು ಒರಟು ಮಾತಾಡಲಿಲ್ಲ. ನಗುತ್ತಲೇ, ಕೆಳಗಡೆ ಕಾಣುತ್ತಿದ್ದ ನಾಲ್ಕು ರೂಮುಗಳ ಕಡೆ ಕೈತೋರಿಸಿ, "ಮೊದಲು ಆ ಗೋಡೆ ಒಡೆಸಿ ಬಾರಮ್ಮ, ಆಮೇಲೆ ನಂದು ನಿಲ್ಲಿಸ್ತೀನಿ. ಅದು ಯಾರದ್ದು ಅಂತ ಗೊತ್ತಲ್ಲ?" ಎಂದ. ಸುತ್ತ ನಿಂತಿದ್ದ ಕೂಲಿಯವರು ನಕ್ಕರು.

ಪಟೇಲರಿಗೆ ಬಗ್ಗದವಳು ಆವತ್ತು ಬಗ್ಗಿದಳು. ಮನೆಗೆ ಬಂದು ಕೋಲನ್ನು ಮೂಲೆಗಿಟ್ಟಳು. ವೆಂಕಟೇಶಪ್ಪ ಆಗ ಜಗಲಿಯಲ್ಲಿ ಊಟ ಮಾಡುತ್ತಿದ್ದ. ತಾಯಿ ತನ್ನನ್ನು ಬೈಯಲಿ ಎಂದು ಕಾದ. ಅವಳು ಬೈಯಲಿಲ್ಲ, "ಸಾರು ಇನ್ನೊಂದಿಷ್ಟು ಆಕ್ಲಾ?" ಎಂದಳು. ಅಂದಿನಿಂದ ಸಾಯುವವರೆಗೂ ಅವಳು ದಿನಾ ಕಾಲುವೆಯ ದಾರಿಯಲ್ಲಿ ನಡೆದರೂ ಅಪಾರ್ಟ್‌ಮೆಂಟಿನ ಹಿಂದಿನ ಮೂಲೆಗೆ ಬಂದೊಡನೆ ವಾಪಸ್ ತಿರುಗುತ್ತಿದ್ದಳು. ಮಗನ ಗೋಡೆಯನ್ನು ಅವಳು ಒಂದು ಸಲವೂ ಹತ್ತಿರದಿಂದ ನೋಡಲಿಲ್ಲ.

*

ಹಿಂದಿನ ಗೇಟಿನ ಆಚೆ ನೀರು ನಿಂತಿತ್ತು. ಅಪಾರ್ಟ್‌ಮೆಂಟಿನಿಂದ ಹೊರಬಿಟ್ಟ ನೀರು ಇಳಿದುಹೋಗಲು ದಾರಿಯಿಲ್ಲದೆ, ವೆಂಕಟೇಶಪ್ಪನ ರೂಮುಗಳ ಹಿಂಗೋಡೆಗೆ ಬಂದು ತಿಂಗಳಿಂದ ಮೊಣಕಾಲು ಮಟ್ಟ ಕೊಳೆಯುತ್ತಿತ್ತು. ಗೋಡೆಯ ಉದ್ದಕ್ಕೂ ಹಸಿರು ಪಾಚಿ. ಆಚೆ ಕಡೆ, ರೂಮುಗಳ ಮುಂಬಾಗಿಲಿನ ಎದುರಿಗೆ, ಹಳೆಯ ಕಾಲುವೆಯ ತಗ್ಗು ಒಣಗಿ ಬಿದ್ದಿತ್ತು. ಅದು ನೇರವಾಗಿ ಕೊನೇ ಮಡಿಯ ಪಕ್ಕದ ಹೊಂಗೆ ತೋಪಿನ ಸ್ಮಶಾನಕ್ಕೆ ಹೋಗುತ್ತದೆ. ಇನ್ನು ಉಳಿದದ್ದು ಮುನ್ನೂರು ಹೆಜ್ಜೆ, ನಡುವೆ ಈ ಗೋಡೆ.

ಚಟ್ಟ ಹೊತ್ತವರು ನೀರಿಗಿಳಿದು ಗೋಡೆಯ ಮುಂದೆ ನಿಂತರು. ತಮಟೆ ನಿಂತಿತು. ಬಲಗಡೆಯ ರಸ್ತೆಗೆ ಗಾಡಿ ಬಂದು ಕಾಯುತ್ತಿತ್ತು. ವೆಂಕಟೇಶಪ್ಪ ತಿರುಗಿ ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಯಾರೊಬ್ಬರೂ ಏನೂ ಅನ್ನಲಿಲ್ಲ. ಅಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು, ಜಗಳಕ್ಕೆ ನಿಲ್ಲಬಹುದಿತ್ತು.

"ಅಪ್ಪ," ಎಂದಳು ವನಿತಾ ಮೆತ್ತಗೆ. "ಗಾಡಿ ಈ ಕಡೆ ಕರೀಲಾ?"

ಮನ್ಸೂರನಿಗೆ ಮಂಡಿ ಅದುರುತ್ತಿತ್ತು. "ಬೇಗ ಹೇಳೋ," ಎಂದ. "ದೊಡ್ಡಮ್ಮನ್ನ ನೀರಲ್ಲಿ ಎಷ್ಟೊತ್ತು ನಿಲ್ಲಿಸ್ತೀಯ?"

ವೆಂಕಟೇಶಪ್ಪ ತಾಯಿಯ ಮುಖ ನೋಡಿದ. ಒಂಬತ್ತು ವರ್ಷದಲ್ಲಿ 'ಒಡೆಯೋ' ಎಂದು ಒಂದು ಸಲ ಅಂದಿದ್ದರೆ ಒಡೆಯುತ್ತಿದ್ದೆ ಅನ್ನಿಸಿತು. ಮರುಗಳಿಗೆಗೆ, ಇಲ್ಲ, ಒಡೆಯುತ್ತಿರಲಿಲ್ಲ ಎಂದೂ ಅನ್ನಿಸಿತು. ಊರಿಗೆಲ್ಲ ನ್ಯಾಯ ಹೇಳುವ ಬಾಯಿ ಅವಳದು. ಅದನ್ನು ಮುಚ್ಚಿಸಿದವನು ಬಿಲ್ಡರೂ ಅಲ್ಲ, ಪಟೇಲರೂ ಅಲ್ಲ.

"ಇಲ್ಲಿಗಂಟ ಬಂದ್ಬಿಟ್ಟು ಗಾಡಿ ಹತ್ತಿಸ್ತಾರೇನೇ?" ಎಂದು ಮಗಳ ಮೇಲೆ ರೇಗಿದ. ಧೂಪದ ಮಡಕೆಯನ್ನು ತಂಗಿಯ ಕೈಗೆ ಕೊಟ್ಟ. "ವನಿತಾ, ಮೂರನೇ ರೂಮು ಖಾಲಿ ಐತೆ. ಮುಂದಿನ ಬಾಗಿಲು ತೆಗೆಸು ಹೋಗು."

ಮೊದಲ ರೂಮಿನಲ್ಲಿ ಬಾಡಿಗೆಗಿದ್ದ ಗಾರೆ ಕೆಲಸದವನು ಹಾರೆಯನ್ನೂ ದೊಡ್ಡ ಸುತ್ತಿಗೆಯನ್ನೂ ತಂದ. "ಓನರ್ರೇ, ಬಿಡಿ, ನಾನು ಒಡೀತೀನಿ. ನಿಮಗೆ ವಯಸ್ಸಾಗಿದೆ."

"ಕಟ್ಟಿದವನು ನಾನು. ಕೊಡು."

ಮೊದಲ ಏಟಿಗೆ ಪ್ಲಾಸ್ಟರು ಉದುರಿತು. ನಾಲ್ಕನೆಯ ಏಟಿಗೆ ಒಂದು ಬ್ಲಾಕು ಅಲುಗಿತು. ನಿವೃತ್ತನಾಗಿ ಎರಡು ವರ್ಷವಾಗಿದ್ದರೂ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಬ್ಬಿಣ ಬಡಿದ ತೋಳು ಅದು. ಅವನು ಬಡಿಯುವುದಕ್ಕೆ ಸರಿಯಾಗಿ ಆವಲಪ್ಪ ತಮಟೆ ಬಾರಿಸತೊಡಗಿದ, ಒಂದೇಟಿಗೆ ಒಂದೇಟು. ಹಿಂದೆ ನಿಂತ ಹೆಂಗಸರಲ್ಲಿ ಯಾರೋ "ಸೈ!" ಅಂದರು. ಬೆವರೋ ಕಣ್ಣೀರೋ, ವೆಂಕಟೇಶಪ್ಪ ಎರಡನ್ನೂ ಒರೆಸಿಕೊಳ್ಳಲಿಲ್ಲ. ಚಟ್ಟ ಹೊತ್ತವರು ಹೆಗಲು ಬದಲಿಸಿಕೊಳ್ಳುತ್ತ ನಿಂತೇ ಇದ್ದರು, ನೆಲಕ್ಕಿಳಿಸುವ ಮಾತನ್ನು ಯಾರೂ ಆಡಲಿಲ್ಲ.

ಕಾಲು ಗಂಟೆಗೆ ಬಾಗಿಲಗಲದ ಕಂಡಿ ಬಿತ್ತು. ಕೊನೆಯ ಸಾಲಿನ ಬ್ಲಾಕು ಮಗುಚಿದ್ದೇ ತಡ, ಕಾಲಡಿಯ ನೀರಿಗೆ ಜೀವ ಬಂತು. ಆವಲಪ್ಪ ಒಂದು ಕಾಲು ಒಳಗಿಟ್ಟಿದ್ದವನು ತಮಟೆಯನ್ನು ತಲೆಯ ಮೇಲೆತ್ತಿ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟ. ಖಾಲಿ ರೂಮಿನ ಸಿಮೆಂಟು ನೆಲದ ಮೇಲೆ ನೀರು ಹರಡಿಕೊಂಡಿತು, ಎಸೆದ ಪುರಿಯನ್ನೂ ಚೆಂಡುಹೂವಿನ ಎಸಳನ್ನೂ ಎತ್ತಿಕೊಂಡು ಎದುರಿನ ಬಾಗಿಲಿನ ಕಡೆ ಹೊರಟಿತು.

ವೆಂಕಟೇಶಪ್ಪ ಸುತ್ತಿಗೆ ಬಿಸಾಕಿ ಬಂದು, ಮನ್ಸೂರನನ್ನು ಸರಿಸಿ, ಚಟ್ಟಕ್ಕೆ ಹೆಗಲು ಕೊಟ್ಟ.

ನೀರು ಹೊಸ್ತಿಲು ದಾಟಿ ಒಣ ಕಾಲುವೆಗೆ ಇಳಿಯಿತು. ಅದರ ಹಿಂದೆ ದೊಡ್ಡಮುನಿಯಮ್ಮ ಹೊಸ್ತಿಲು ದಾಟಿದಳು.